ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ

ಹೋದ ಸಂಚಿಕೇಲಿ ಇಂಗ್ಲೆಂಡಿನ ಲೇಖಕಿ ಜೇನ್ ಆಸ್ಟಿನ್ ಕಾದಂಬರಿಗಳ ಬಗ್ಗೆ ಬರೀತಾ "ವಿಲೊಬಿನ ಪೂರ್ತಿ ಬೈಯೋಕೆ ನನಗೆ ಮನಸ್ಸು ಬರಲ್ಲ" ಅಂತ, ಹುಡುಗಿಗೆ ಕೈಕೊಟ್ಟು ಹೋಗೋ ಆ ಪಾತ್ರದ ಬಗ್ಗೆ ಒಂದೇ ಒಂದು ಸಾಲು ಹಾಕಿದ್ದೆ. ಅಷ್ಟಕ್ಕೇ ಬಂದಿರೋ ಪತ್ರಗಳನ್ನ ನೋಡಿದ್ರೆ ನಾನೇನೋ ಓಡಿಹೋದ ಅಳಿಯನ ಪರ ವಕಾಲತ್ತು ಹಾಕಿದೀನಿ ಅನ್ನೋ ಹಾಗಿದೆ. ಬೈದಿರೋರು ಜಾಸ್ತಿ, ನನ್ನ ಜೊತೆ ಸೇರ್ಕೊಂಡೋರು ಇಬ್ಬರು ಮೂವರು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇವನಿಗೂ ಇವನ ಜಾತಿಯವರಿಗೂ ಪೂರ್ತಿ ಜಾಗ ಕೊಟ್ಟಿದೀನಿ.

ಪ್ರಶ್ನೆ: ಮೇಡಂ, 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಓದಿ ಮುಗಿಸಿದೆ. ಮರಿಯಾನ್‌ಗೆ ಕೈಕೊಟ್ಟು ದುಡ್ಡಿರೋಳನ್ನ ಮದುವೆ ಆದ್ಮೇಲೆ ವಿಲೊಬಿ ಒಂದು ರಾತ್ರಿ ಓಡಿಬಂದು ಅವಳ ಅಕ್ಕ ಎಲಿನರ್ ಮುಂದೆ ಎಲ್ಲಾ ಹೇಳ್ಕೊಳ್ತಾನಲ್ಲ, ಅಲ್ಲಿ ನಾನು ಅತ್ತೇಬಿಟ್ಟೆ. ನನ್ನ ಫ್ರೆಂಡ್ ಅದೆಲ್ಲ ನಾಟಕ, ಅವನು ಮೊದಲಿಂದ್ಲೂ ಟೈಂಪಾಸ್ ಮಾಡಿದ್ದು ಅಂತಾಳೆ. ಅವನಿಗೆ ನಿಜವಾಗ್ಲೂ ಪ್ರೀತಿ ಇತ್ತಾ ಇಲ್ವಾ? ಒಂದೇ ಮಾತಲ್ಲಿ ಹೇಳಿ.

ಉತ್ತರ: ಇತ್ತು. ಆದ್ರೆ ನಿಮ್ಮ ಫ್ರೆಂಡ್ ಹೇಳಿದ್ದೂ ಸರಿ, ಯಾಕಂದ್ರೆ ಟೈಂಪಾಸ್ ಅಂತ ಅವನೇ ಒಪ್ಕೊಳ್ತಾನೆ. ಒಂದು ಮಾತಲ್ಲಿ ಮುಗೀಲಿಲ್ಲ, ಕ್ಷಮಿಸಿ.

ಓದದೇ ಇರೋರಿಗೋಸ್ಕರ ಕಥೆ ಚಿಕ್ಕದಾಗಿ ಹೇಳ್ತೀನಿ. ಪುಸ್ತಕ ಬಂದಿದ್ದು 1811ರಲ್ಲಿ, ಮೇಲೆ ಹೆಸರಿರಲಿಲ್ಲ, ಬರೀ 'ಒಬ್ಬ ಮಹಿಳೆ ಬರೆದಿದ್ದು' ಅಂತಿತ್ತು. ಮರಿಯಾನ್ ಮಳೇಲಿ ಗುಡ್ಡದಿಂದ ಓಡಿ ಇಳೀವಾಗ ಬಿದ್ದು ಕಾಲು ಉಳುಕಿಸ್ಕೊಳ್ತಾಳೆ, ಬೇಟೆಗೆ ಬಂದಿದ್ದ ವಿಲೊಬಿ ಅವಳನ್ನ ಎತ್ಕೊಂಡು ಮನೆ ಒಳಗೇ ತಂದು ಕೂರಿಸ್ತಾನೆ. ನೋಡೋಕೆ ಚೆನ್ನಾಗಿದಾನೆ, ಓದ್ತಾನೆ, ಹಾಡ್ತಾನೆ, ಅವಳಿಗೆ ಇಷ್ಟ ಆಗಿದ್ದೆಲ್ಲ ಇವನಿಗೂ ಇಷ್ಟ. ಅವಳಿಗೆ ಒಂದು ಕುದುರೆ ಕೊಡ್ತೀನಿ ಅಂತಾನೆ, ಕೂದಲಿನ ಒಂದು ಎಳೆ ಕತ್ತರಿಸಿ ಮುತ್ತಿಟ್ಟು ಜೋಪಾನವಾಗಿ ಇಟ್ಕೊಳ್ತಾನೆ. ಆಮೇಲೆ ಒಂದು ದಿನ ಲಂಡನ್‌ಗೆ ಕೆಲಸ ಇದೆ ಅಂತ ಹೋದವನು ತಿರುಗಿ ನೋಡಲ್ಲ. ಅವಳೇ ಲಂಡನ್‌ಗೆ ಹೋದ್ರೆ ಒಂದು ಪಾರ್ಟೀಲಿ ಗುರುತೇ ಇಲ್ದೇ ಇರೋನ ಥರ ಮಾತಾಡ್ತಾನೆ, ಮಾರನೇ ದಿನ ಅವಳ ಕೂದಲು ಅವಳ ಪತ್ರಗಳು ಎಲ್ಲಾ ವಾಪಸ್ ಬರತ್ತೆ. ಮಿಸ್ ಗ್ರೇ ಅನ್ನೋಳನ್ನ ಮದುವೆ ಆಗ್ತಾನೆ, ಅವಳ ಹತ್ರ 50,000 ಪೌಂಡ್ ಇದೆ. ಇದಕ್ಕೆಲ್ಲ ಮುಂಚೆ ಎಲೈಜಾ ಅನ್ನೋ ಚಿಕ್ಕ ಹುಡುಗಿ ಒಬ್ಬಳನ್ನ ಬಸುರಿ ಮಾಡಿ ಬಿಟ್ಟುಬಂದಿರ್ತಾನೆ, ಅದು ನಮಗೆ ನಿಧಾನಕ್ಕೆ ಗೊತ್ತಾಗತ್ತೆ.

ಈಗ ನೀವು ಅತ್ತ ಜಾಗಕ್ಕೆ ಬರೋಣ. ಮರಿಯಾನ್ ಜ್ವರದಲ್ಲಿ ಸಾಯೋ ಸ್ಥಿತೀಲಿದಾಳೆ ಅಂತ ನಾಟಕಶಾಲೆ ಲಾಬೀಲಿ ಯಾರೋ ಹೇಳಿದ್ದು ಕೇಳಿ, ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಲಂಡನ್ ಬಿಟ್ಟು, ರಾತ್ರಿ ಎಂಟರ ಹೊತ್ತಿಗೆ ನಾಲ್ಕು ಕುದುರೆ ಗಾಡೀಲಿ ಬಂದು ಬಾಗಿಲಲ್ಲಿ ನಿಲ್ತಾನೆ. ದಾರೀಲಿ ಗಾಡಿ ಇಳಿದಿದ್ದು ಹತ್ತೇ ನಿಮಿಷ, ಅಷ್ಟರಲ್ಲಿ ಒಂದು ಪೈಂಟ್ ಪೋರ್ಟರ್ ಅನ್ನೋ ಬಿಯರ್ ಕುಡಿದಿದಾನೆ, ತಣ್ಣಗಿರೋ ಮಾಂಸ ತಿಂದಿದಾನೆ. ಎಲಿನರ್‌ಗೆ ಇವನು ಕುಡಿದಿದಾನಾ ಅಂತ ಡೌಟ್ ಬರತ್ತೆ, ಅವನೂ ಹೌದು ಕುಡಿದಿದೀನಿ, ಆ ಒಂದು ಪೈಂಟೇ ತಲೆಗೇರಿತು ಅಂತ ತಮಾಷೆ ಮಾಡ್ತಾನೆ. ನೋಡಿ ಈ ಮನುಷ್ಯನ್ನ! ಒಳಗೆ ಒಬ್ಬಳು ಸಾಯ್ತಾ ಇದಾಳೆ ಅಂದ್ಕೊಂಡು ಬಂದವನು, ಆದ್ರೂ ಮಾತಿನ ಚಮಕ್ ಬಿಡಲ್ಲ. ಇದು ನಾಟಕ ಅಂತ ನನಗೆ ಅನ್ಸಲ್ಲ, ಅವನಿಗೆ ಬರೋದೇ ಹಾಗೆ ಮಾತಾಡೋಕೆ.

ಅವನು ಹೇಳಿದ್ದರ ಸಾರ ಇಷ್ಟು. ಮೊದಲು ಮರಿಯಾನ್ ಮೇಲೆ ಯಾವ ಉದ್ದೇಶಾನೂ ಇರಲಿಲ್ಲ, ಹಳ್ಳೀಲಿ ಹೊತ್ತು ಹೋಗ್ಬೇಕಿತ್ತು, ಒಬ್ಬ ಚೆಂದದ ಹುಡುಗಿ ತನ್ನನ್ನ ಇಷ್ಟಪಡ್ತಾಳೆ ಅನ್ನೋದು ಒಳಗೊಳಗೇ ಹಿತ ಕೊಡ್ತಿತ್ತು. ಅವನಿಗೆ ಸಾಲ ಇತ್ತು, ದುಡ್ಡಿರೋ ಹೆಣ್ಣನ್ನೇ ಮದುವೆ ಆಗಿ ಅದನ್ನ ತೀರಿಸ್ಕೊಳ್ಬೇಕು ಅಂತ ಬಹಳ ದಿನದಿಂದ ಲೆಕ್ಕಾಚಾರ ಇತ್ತು. ಆಮೇಲೆ ನಿಜವಾಗ್ಲೂ ಪ್ರೀತಿ ಬಂತು. ನಾಳೆ ಕೇಳಿಬಿಡೋಣ ಅಂತ ತೀರ್ಮಾನಾನೂ ಮಾಡಿದ. ಅಷ್ಟರಲ್ಲಿ ಅವನಿಗೆ ಆಸ್ತಿ ಬಿಟ್ಟುಹೋಗಬೇಕಾಗಿದ್ದ ವಯಸ್ಸಾದ ಸಂಬಂಧಿ ಮಿಸೆಸ್ ಸ್ಮಿತ್‌ಗೆ ಎಲೈಜಾ ವಿಷಯ ಗೊತ್ತಾಯ್ತು. ಆ ಹುಡುಗೀನ ಮದುವೆ ಆದ್ರೆ ಕ್ಷಮಿಸ್ತೀನಿ ಅಂದ್ಲು, ಇವನು ಆಗಲ್ಲ ಅಂದ, ಅವಳು ಮನೆಯಿಂದ ಆಚೆ ಹಾಕಿದ್ಲು. ಆ ರಾತ್ರಿ ಕೂತು ಯೋಚನೆ ಮಾಡ್ತಾನೆ: ಮರಿಯಾನ್ ಕಡೆ ಮನಸ್ಸು ಎಳೀತಿದೆ, ಅವಳೂ ತನ್ನನ್ನ ಇಷ್ಟಪಡ್ತಾಳೆ ಅಂತ ಗೊತ್ತು, ಆದ್ರೆ ಬಡತನ ಅಂದ್ರೆ ಭಯ. ಭಯ ಗೆಲ್ತು.

ಇಲ್ಲಿ ಯಾವುದು ಸುಳ್ಳು ಹೇಳಿ? ನನ್ನ ಪ್ರಕಾರ ಯಾವುದೂ ಸುಳ್ಳಲ್ಲ. ಜಂಬ, ಬೇಜಾರು ಕಳೆಯೋ ಆಸೆ, ಪ್ರೀತಿ, ಸಾಲ, ಸುಖದ ಅಭ್ಯಾಸ, ಎಲ್ಲಾ ಒಂದೇ ಎದೇಲಿ ಅಕ್ಕಪಕ್ಕ ಕೂತಿವೆ. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅನ್ನೋ ಗಾದೇಲಿ ನೆಂಟರ ಮೇಲಿನ ಪ್ರೀತಿ ಸುಳ್ಳು ಅಂತ ಎಲ್ಲೂ ಹೇಳಿಲ್ಲ ಗಮನಿಸಿ, ನೆಂಟರು ಬಂದಾಗ ಖುಷಿ ಆಗೋದೂ ನಿಜ, ಅಕ್ಕಿ ಡಬ್ಬಿ ಕಡೆ ಕಣ್ಣು ಹೋಗೋದೂ ನಿಜ. ಹಾಗಾಗಿ ಪ್ರೀತಿ ಇತ್ತಾ ಅಂತ ಕೇಳ್ತಾ ಕೂತ್ರೆ ನೀವೂ ನಿಮ್ಮ ಫ್ರೆಂಡೂ ಜನ್ಮ ಪೂರ್ತಿ ಜಗಳ ಆಡಬಹುದು. ನಾನಾದ್ರೆ ಬಿಲ್ ಬಂದಾಗ ಇವನೊಳಗಿರೋ ಯಾವ ಆಸೆ ಎದ್ದು ನಿಂತು ದುಡ್ಡು ಕೊಡತ್ತೆ ಅಂತ ನೋಡ್ತೀನಿ. ವಿಲೊಬಿ ಪ್ರೀತಿ ಎಲ್ಲಾ ಸೀನಲ್ಲೂ ಇದೆ, ಬಿಲ್ ಬರೋ ಸೀನಲ್ಲಿ ಮಾತ್ರ ಎದ್ದು ಆಚೆ ಹೋಗಿರತ್ತೆ.

ಇನ್ನೊಂದು ವಿಷಯ, ನಾನು ಕಾಲೇಜಲ್ಲಿದ್ದಾಗ ಓದಿದಾಗ ಇದನ್ನ ಗಮನಿಸಿರಲೇ ಇಲ್ಲ, ನಿಮ್ಮ ಥರಾನೇ ಅಳೋದರಲ್ಲಿ ಬಿಜಿ ಇದ್ದೆ. ಎಲೈಜಾ ಬಗ್ಗೆ ಮಾತು ಬಂದಾಗ ಅವನ ದನಿ ಹೇಗೆ ಬದಲಾಗತ್ತೆ ನೋಡಿ. ತಪ್ಪು ನಂದೊಬ್ಬಂದೇ ಅಲ್ಲ, ಅವಳ ಆವೇಶ ಜಾಸ್ತಿ, ಬುದ್ಧಿ ಕಮ್ಮಿ ಅಂತೆಲ್ಲ ಶುರು ಮಾಡ್ತಾನೆ. ಅವಳಿಗೆ ನಿನ್ನ ವಿಳಾಸಾನೇ ಗೊತ್ತಿರಲಿಲ್ವಲ್ಲ ಅನ್ನೋ ವಿಷಯಕ್ಕೆ, ಕೊಡೋಕೆ ಮರೆತಿದ್ದೆ ಅನ್ನೋದು ನೆನಪಿರಲಿಲ್ಲ, ಸ್ವಲ್ಪ ಬುದ್ಧಿ ಓಡಿಸಿದ್ರೆ ಹುಡುಕಬಹುದಿತ್ತು ಅಂತಾನೆ. ವಿಳಾಸ ಕೊಡೋಕೆ ಮರೆತನಂತೆ! ಮರಿಯಾನ್‌ಗೋಸ್ಕರ ಒಂದೇ ದಿನದಲ್ಲಿ ಅಷ್ಟು ದೂರ ಓಡಿಬರೋ ಮನುಷ್ಯ, ತನ್ನ ಮಗು ಹೊತ್ತ ಹುಡುಗಿಗೆ ಒಂದು ವಿಳಾಸ ಬರೆದುಕೊಡಲಿಲ್ಲ. ಇದೊಂದು ಸಾಲು ಓದಿದ್ಮೇಲೆ ನನ್ನ ಕಣ್ಣೀರು ಸ್ವಲ್ಪ ಒಣಗ್ತು, ಆದ್ರೂ ಪೂರ್ತಿ ಒಣಗಲಿಲ್ಲ ಅನ್ನೋದೂ ನಿಜ. ಎಲಿನರ್‌ಗೂ ಹಾಗೇ ಆಗತ್ತೆ. ಅವನು ಹೋದ್ಮೇಲೆ ಕೂತು ತನಗೇ ಹೇಳ್ಕೊಳ್ತಾಳೆ, ಇಷ್ಟು ಮರುಕ ಬರ್ತಿರೋದು ಅವನ ರೂಪ, ಅವನ ಬಿಚ್ಚುಮನಸ್ಸಿನ ನಡವಳಿಕೆ ಇದರಿಂದ, ಅದರಲ್ಲಿ ಅವನ ಹೆಚ್ಚುಗಾರಿಕೆ ಏನೂ ಇಲ್ಲ ಅಂತ. ಗೊತ್ತಿದ್ದೂ ಮರುಕ ಪಡ್ತಾಳೆ. ನಾನು ಬೈಯೋಕೆ ಮನಸ್ಸು ಬರಲ್ಲ ಅಂದಿದ್ದು ಈ ಅರ್ಥದಲ್ಲಿ.

ಇನ್ನು ದುಡ್ಡಿನ ವಿಷಯಕ್ಕೆ ಅವನೊಬ್ಬನನ್ನೇ ಯಾಕೆ ಬೈತೀರಾ? ಮೊದಲ ಭಾಗದಲ್ಲೇ ಒಂದು ಮಾತುಕತೆ ಬರತ್ತೆ. ಸಂತೋಷಕ್ಕೂ ದುಡ್ಡಿಗೂ ಏನು ಸಂಬಂಧ ಅಂತ ಮರಿಯಾನ್ ದೊಡ್ಡದಾಗಿ ಮಾತಾಡ್ತಾಳೆ, ಸರಿ ನಿಂಗೆಷ್ಟು ಬೇಕಮ್ಮ ಅಂದ್ರೆ ವರ್ಷಕ್ಕೆ 1,800 ಇಲ್ಲಾ 2,000 ಪೌಂಡ್ ಸಾಕು, ಜಾಸ್ತಿ ಬೇಡ ಅಂತಾಳೆ. ಎಲಿನರ್ ನಕ್ಕುಬಿಡ್ತಾಳೆ, ಅವಳ ಪ್ರಕಾರ 1,000 ಅಂದ್ರೇನೇ ಶ್ರೀಮಂತಿಕೆ. ಮರಿಯಾನ್ ಬಿಡಿಸಿ ಹೇಳ್ತಾಳೆ: ಕೆಲಸದೋರು, ಒಂದು ಗಾಡಿ, ಬೇಕಾದ್ರೆ ಎರಡು, ಆಮೇಲೆ ಬೇಟೆ ಕುದುರೆಗಳು. ಇವಳು ಬೇಟೆಗೆ ಹೋಗ್ತಾಳಾ? ಇಲ್ಲ. ಬೇಟೆ ಹುಚ್ಚು ಇರೋದು ವಿಲೊಬಿಗೆ. ಪಾಪ, ಮನಸ್ಸಲ್ಲೇ ಅವನ ಜೊತೆ ಸಂಸಾರ ಹೂಡಿ ಬಜೆಟ್ ಹಾಕಿದಾಳೆ. ಈಗ ಲೆಕ್ಕ ನೋಡಿ. ಇವರ ಮನೆಯ ತಾಯಿ ಮಕ್ಕಳಿಗೆಲ್ಲ ಸೇರಿ ಇದ್ದಿದ್ದು 10,000 ಪೌಂಡ್, ಅದರಿಂದ ವರ್ಷಕ್ಕೆ 500 ಬರತ್ತೆ ಅಂತ ಕಾದಂಬರೀಲೇ ಇದೆ, ಅಂದ್ರೆ ನೂರಕ್ಕೆ ಐದು. ಅದೇ ರೇಟಲ್ಲಿ ಮಿಸ್ ಗ್ರೇಯ 50,000ಕ್ಕೆ ವರ್ಷಕ್ಕೆ 2,500 ಬರತ್ತೆ. ವಿಲೊಬಿಯ ಸ್ವಂತ ಜಮೀನಿಂದ ಬರ್ತಿದ್ದಿದ್ದು 600, 700 ಅಷ್ಟೇ. ಮರಿಯಾನ್ ಮನಸ್ಸಲ್ಲಿ ಕಟ್ಕೊಂಡಿದ್ದ ಸಂಸಾರ ನಡೀಬೇಕು ಅಂದ್ರೂ ಮಿಸ್ ಗ್ರೇಯಂಥೋಳ ದುಡ್ಡೇ ಬೇಕಿತ್ತು. ಆಸ್ಟಿನ್ ಇದನ್ನ ಎಲ್ಲೂ ಕೂಡಿ ಕಳೆದು ತೋರಿಸಲ್ಲ. ಬೇರೆ ಬೇರೆ ಅಧ್ಯಾಯದಲ್ಲಿ ಅಂಕಿ ಇಟ್ಟು ಹೋಗ್ತಾಳೆ ಅಷ್ಟೇ, ಕಿಲಾಡಿ ಹೆಂಗಸು.

ಪ್ರಶ್ನೆ: ವಿಲೊಬಿ ಒಂದು ಸಲಾನೂ ಬಾಯಿಬಿಟ್ಟು ನಿನ್ನನ್ನ ಮದುವೆ ಆಗ್ತೀನಿ ಅಂತ ಹೇಳಿಲ್ಲ. ಹೇಳದೇ ಇರೋ ಮಾತಿಗೆ ತಪ್ಪಿದ ಅಂತ ಹೇಗೆ ಹೇಳ್ತೀರಾ?

ಉತ್ತರ: ಇದೇ ವಾದಾನ ಅವನೂ ಮನಸ್ಸಲ್ಲಿ ಇಟ್ಕೊಂಡಿದ್ದ ಅಂತ ಕಾಣತ್ತೆ. ಆಗಿನ ಇಂಗ್ಲೆಂಡಿನ ಆ ವರ್ಗದ ಜನರಲ್ಲಿ ಮದುವೆ ಮಾತು ಆಗದೇ ಇರೋ ಹುಡುಗ ಹುಡುಗಿ ಒಬ್ಬರಿಗೊಬ್ಬರು ಪತ್ರ ಬರೆಯೋದೇ ಇರಲಿಲ್ಲ. ಅದಕ್ಕೇ ಮರಿಯಾನ್ ಲಂಡನ್‌ನಲ್ಲಿ ಅವನಿಗೆ ಪತ್ರ ಬರೆದಿದ್ದು ನೋಡಿದ ತಕ್ಷಣ ಎಲಿನರ್, ಓಹೋ ಹಾಗಾದ್ರೆ ಇವರಿಬ್ಬರದ್ದು ಮಾತಾಗಿದೆ ಅಂತ ಅಂದ್ಕೊಳ್ತಾಳೆ. ಕೂದಲು ಕೊಡೋದು, ಹೆಸರು ಹಿಡಿದು ಕರೆಯೋದು, ಮುಂದೆ ತನಗೆ ಬರೋ ಮನೆ ಅಂತ ಒಂದೊಂದು ರೂಮನ್ನೂ ತೋರಿಸ್ಕೊಂಡು ಬರೋದು, ಇವೆಲ್ಲ ಆಗಿದ್ಮೇಲೆ ಬಾಯಿಬಿಟ್ಟು ಹೇಳೋಕೆ ಇನ್ನೇನು ಉಳಿದಿತ್ತು? ಮಾತು ಕೊಟ್ಟು ತಪ್ಪಿದವನ ಮೇಲೆ ಅಲ್ಲಿ ಕೋರ್ಟಿಗೆ ಹೋಗಿ ಪರಿಹಾರ ಕೇಳಬಹುದಿತ್ತು, ಇಂಗ್ಲೆಂಡ್ ಆ ಕಾನೂನನ್ನ ತೆಗೆದುಹಾಕಿದ್ದು 1970ರಲ್ಲಿ. ಆದ್ರೆ ಮಾತು ಕೊಟ್ಟಿದ್ದ ಅಂತ ತೋರಿಸಬೇಕಲ್ಲ. ಈ ಥರದ ಹುಡುಗರು ಹಾವೂ ಸಾಯಬಾರದು ಕೋಲೂ ಮುರೀಬಾರದು ಅನ್ನೋ ಹಾಗೆ ನಡ್ಕೊಳ್ತಾರೆ, ಎಲ್ಲಾನೂ ಮಾಡ್ತಾರೆ, ಹಿಡಿಯೋಕೆ ಒಂದು ವಾಕ್ಯ ಸಿಗಲ್ಲ. ಅದು ಪ್ಲಾನ್ ಮಾಡಿಯೇ ಮಾಡ್ತಾರಾ? ವಿಲೊಬಿ ವಿಷಯದಲ್ಲಿ ಅರ್ಧ ಅರ್ಧ ಅನ್ಸತ್ತೆ. ನಾಳೆ ಹೇಳೋಣ ಅಂತ ದಿನಾ ಮುಂದೆ ಹಾಕಿದಾನೆ, ಮುಂದೆ ಹಾಕೋದರಲ್ಲೇ ಒಂದು ಅನುಕೂಲ ಇತ್ತು.

ಪ್ರಶ್ನೆ: ದುಡ್ಡಿಗೋಸ್ಕರ ಮೋಸ ಮಾಡೋರು ಅರ್ಥ ಆಗ್ತಾರೆ. 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನ ಹೆನ್ರಿ ಕ್ರಾಫರ್ಡ್‌ಗೆ ದುಡ್ಡಿನ ಕೊರತೆ ಇಲ್ಲ, ಫ್ಯಾನಿನ ನಿಜವಾಗಿ ಪ್ರೀತಿಸ್ತಾನೆ, ಆಮೇಲೂ ಯಾಕೆ ಬೇರೆಯವರ ಹೆಂಡತಿ ಜೊತೆ ಓಡಿಹೋದ? ಫ್ಯಾನಿ ಒಪ್ಕೊಂಡಿದ್ರೆ ಸರಿಹೋಗ್ತಿದ್ನಾ?

ಉತ್ತರ: ಹೆನ್ರಿ ನನಗೆ ವಿಲೊಬಿಗಿಂತ ಜಾಸ್ತಿ ತಲೆನೋವು ಕೊಟ್ಟಿರೋ ಪಾತ್ರ. ಇದೂ ಆಸ್ಟಿನ್ ಬರೆದಿದ್ದೇ, 1814ರ ಕಾದಂಬರಿ. ವರ್ಷಕ್ಕೆ 4,000 ಪೌಂಡ್ ಬರೋ ಜಮೀನು, ಯಾರ ಹಂಗೂ ಇಲ್ಲ. ಫ್ಯಾನಿ ಪ್ರೈಸ್ ಶ್ರೀಮಂತ ದೊಡ್ಡಪ್ಪನ ಮನೇಲಿ ಬೆಳೆದ ಬಡ ಹುಡುಗಿ, ಅವಳಿಂದ ಇವನಿಗೆ ಒಂದು ಕಾಸೂ ಬರಲ್ಲ. ಹದಿನೈದು ದಿನ ಬೇಟೆ ಇಲ್ದೇ ಇರೋ ದಿನಗಳಲ್ಲಿ ಹೊತ್ತು ಕಳೆಯೋಕೆ ಇವಳು ನನ್ನನ್ನ ಪ್ರೀತಿಸೋ ಹಾಗೆ ಮಾಡ್ತೀನಿ ಅಂತ ತಂಗಿ ಹತ್ರ ಹೇಳಿ ಶುರು ಮಾಡ್ತಾನೆ. ಫ್ಯಾನಿ ಕರಗಲ್ಲ. ಕರಗದೇ ಇರೋದೇ ಅವನನ್ನ ಹಿಡಿದುಹಾಕತ್ತೆ, ಆಟ ಆಡೋಕೆ ಬಂದವನೇ ಬಲೇಲಿ ಬೀಳ್ತಾನೆ.

ಅವನು ಮಾಡಿದ ಒಂದು ಒಳ್ಳೇ ಕೆಲಸ ಹತ್ತಿರದಿಂದ ನೋಡಿ. ಫ್ಯಾನಿಯ ಅಣ್ಣ ವಿಲಿಯಂ ನೇವೀಲಿದಾನೆ, ಬಡ್ತಿ ಸಿಗದೆ ಒದ್ದಾಡ್ತಿದಾನೆ. ಹೆನ್ರಿ ತನ್ನ ಅಡ್ಮಿರಲ್ ಚಿಕ್ಕಪ್ಪನ ಕೈಲಿ ಹೇಳಿಸಿ ಲೆಫ್ಟಿನೆಂಟ್ ಹುದ್ದೆ ಕೊಡಿಸ್ತಾನೆ. ಸುದ್ದಿ ಬಂದ ಪತ್ರಗಳನ್ನ ತಾನೇ ತಂದು ಫ್ಯಾನಿ ಕೈಗೆ ಕೊಡ್ತಾನೆ, ಅವಳು ಖುಷೀಲಿ ಮಾತೇ ಹೊರಡದೆ ನಿಂತಿರುವಾಗ ಅದೇ ಉಸಿರಲ್ಲಿ ನಿನ್ನನ್ನ ಮದುವೆ ಆಗ್ಬೇಕು ಅಂತಾನೆ. ಕೊಟ್ಟ ಕೈನೇ ಚಾಚಿ ಕೇಳೋದು ಅಂದ್ರೆ ಇದು. ಉಪಕಾರ ನಿಜವಾದದ್ದೇ, ವಿಲಿಯಂಗೆ ಹುದ್ದೆ ಸಿಕ್ತು. ಆದ್ರೆ ಅವಳಿಗೆ ಕೃತಜ್ಞತೆ ಯಾವುದು, ಒತ್ತಡ ಯಾವುದು ಅಂತ ಬೇರೆ ಮಾಡೋಕೆ ಒಂದು ನಿಮಿಷಾನೂ ಬಿಡಲಿಲ್ಲ. ಒಂದು ದಿನ ತಡೆದು ಕೇಳಿದ್ರೆ ಏನಾಗ್ತಿತ್ತು?

ಇನ್ನು ಫ್ಯಾನಿ ಒಪ್ಕೊಂಡಿದ್ರೆ ಅನ್ನೋದು. ಹೆನ್ರಿ ನೆಟ್ಟಗೆ ಇದ್ದಿದ್ರೆ, ಅವಳು ಮನಸ್ಸಲ್ಲಿಟ್ಕೊಂಡಿದ್ದ ಎಡ್ಮಂಡ್ ಬೇರೆಯವಳನ್ನ ಮದುವೆ ಆದ್ಮೇಲೆ, ಫ್ಯಾನಿ ಇವನಿಗೆ ಸಿಗ್ತಿದ್ಲು ಅಂತ ಕಥೆ ಹೇಳೋ ದನೀನೇ ಕೊನೇಲಿ ಹೇಳಿಬಿಡತ್ತೆ. ಆಗಿದ್ದು ಏನು? ಜಮೀನಿನ ಮ್ಯಾನೇಜರ್ ಸರಿ ಇಲ್ಲ, ಊರಿಗೆ ಹೋಗಿ ಅದನ್ನ ಸರಿ ಮಾಡಬೇಕು ಅಂತ ಹೊರಟವನು ಲಂಡನ್‌ನಲ್ಲಿ ಒಂದು ಪಾರ್ಟಿಗೋಸ್ಕರ ಉಳ್ಕೊಳ್ತಾನೆ. ಅಲ್ಲಿ ಮರಾಯ ಸಿಗ್ತಾಳೆ, ಫ್ಯಾನಿಯ ದೊಡ್ಡಪ್ಪನ ಮಗಳು, ಮುಂಚೆ ಇವನು ಆಟ ಆಡಿಸಿ ಬಿಟ್ಟಿದ್ದೋಳು, ಈಗ ಬೇರೆಯವರ ಹೆಂಡತಿ. ಮುಖ ಕೊಟ್ಟು ಮಾತಾಡಲ್ಲ. ಅದು ಇವನಿಗೆ ತಡ್ಕೊಳೋಕೆ ಆಗಲ್ಲ, ಒಂದು ಸಲ ನಗಿಸಿಬಿಟ್ರೆ ಸಾಕು ಅಂತ ಹೋಗಿ ಕೊನೆಗೆ ಅವಳ ಜೊತೆ ಓಡಿಹೋಗೋ ತನಕ ಬರತ್ತೆ. ಅವಳ ಮೇಲೆ ಪ್ರೀತಿ ಇಲ್ಲ, ಆಗಲೂ ಮನಸ್ಸು ಫ್ಯಾನಿ ಹತ್ರಾನೇ. ಫ್ಯಾನಿನ ಗೆಲ್ಲಬೇಕು ಅಂತ ಹೊರಡಿಸಿದ ಅದೇ ಜಂಬ ಮರಾಯ ಹತ್ರಾನೂ ಕಳಿಸಿದ್ದು. ಮದುವೆ ಆಗಿದ್ರೂ ಮುಂದೆ ಯಾವುದೋ ಒಂದು ಪಾರ್ಟೀಲಿ ಯಾರೋ ಒಬ್ಬಳು ಇವನ ಜೋಕಿಗೆ ನಗದೇ ಇರೋ ದಿನ ಬಂದೇ ಬರ್ತಿತ್ತು ಅಂತ ನನ್ನ ಅಭಿಪ್ರಾಯ. ಇದಕ್ಕೆ ಒಪ್ಪದೇ ಇರೋ ಓದುಗರು ಬಹಳ ಜನ ಇದಾರೆ, ಅವರ ವಾದಾನೂ ಕಡಿಮೆ ಏನಲ್ಲ.

ಪ್ರಶ್ನೆ: ನಾನು ಕಥೆ ಬರೀತೀನಿ. ನನ್ನ ಕಥೇಲಿ ಇಂಥದ್ದೇ ಒಬ್ಬ ಹುಡುಗ ಇದಾನೆ, ಆದ್ರೆ ಓದಿದೋರೆಲ್ಲ ಎರಡನೇ ಪುಟಕ್ಕೇ ಇವನು ಕೈಕೊಡ್ತಾನೆ ಅಂತ ಗೊತ್ತಾಗಿಬಿಡತ್ತೆ ಅಂತಾರೆ. ಏನು ಮಾಡ್ಲಿ?

ಉತ್ತರ: ನಿಮ್ಮ ಕಥೆ ಕಳಿಸಿದ್ರಿ, ಓದಿದೆ. ಮೊದಲ ಸೀನಲ್ಲೇ ಅವನು ಓರೆಗಣ್ಣಲ್ಲಿ ನಗ್ತಾನೆ, ಎರಡನೇ ಸೀನಲ್ಲಿ ಫೋನ್ ಬಂದ್ರೆ ಆಚೆ ಹೋಗಿ ಮಾತಾಡ್ತಾನೆ. ನಾಯಕಿ ಒಬ್ಬಳಿಗೆ ಮಾತ್ರ ಗೊತ್ತಾಗಲ್ಲ, ಪಾಪ ಅವಳನ್ನ ದಡ್ಡಿ ಮಾಡಿಟ್ಟಿದೀರಿ. ಓದುಗರೂ ಅವಳ ಜೊತೆ ಬೀಳಬೇಕು ರೀ. ಅವನ ಮಾತು ನಿಜವಾಗ್ಲೂ ಚೆನ್ನಾಗಿರ್ಬೇಕು, ಬರೀ 'ಅವನು ತುಂಬಾ ಚೆನ್ನಾಗಿ ಮಾತಾಡ್ತಿದ್ದ' ಅಂತ ಬರೆದ್ರೆ ಯಾರು ನಂಬ್ತಾರೆ, ಒಂದೆರಡು ಕಡೆ ಓದುಗ ನಗಬೇಕು.

ಸುಳಿವು ಕೊಡೋದು ಹೇಗೆ ಅನ್ನೋದಕ್ಕೆ ಆಸ್ಟಿನ್ ಬರೆದ 1813ರ 'ಪ್ರೈಡ್ ಅಂಡ್ ಪ್ರಿಜುಡೀಸ್'ನ ಸುಂದರ ಸೈನ್ಯಾಧಿಕಾರಿ ವಿಕಮ್‌ನ ನೋಡಿ. ನಾಯಕಿ ಎಲಿಜಬೆತ್‌ಗೆ ಪರಿಚಯ ಆದ ಮಾರನೇ ದಿನವೇ, ಶ್ರೀಮಂತ ಡಾರ್ಸಿ ನನಗೆ ಹೀಗೆ ಅನ್ಯಾಯ ಮಾಡ್ದ ಅಂತ ಪೂರ್ತಿ ಪುರಾಣ ಹೇಳ್ತಾನೆ. ಅದೇ ಮಾತುಕತೇಲಿ, ಡಾರ್ಸಿ ಅಪ್ಪನ ಮೇಲಿನ ಗೌರವಕ್ಕೆ ನಾನು ಯಾವತ್ತೂ ಅವನ ಮರ್ಯಾದೆ ತೆಗೆಯಲ್ಲ ಅಂತಾನೆ. ಅವನಿಗೆ ಹೆದರಿ ನಾನ್ಯಾಕೆ ಜಾಗ ಬಿಡ್ಲಿ, ಬೇಕಾದ್ರೆ ಅವನೇ ಹೋಗ್ಲಿ ಅಂತಾನೆ. ಆಮೇಲೆ ಡ್ಯಾನ್ಸ್ ಪಾರ್ಟಿಗೆ ಬರದೇ ತಪ್ಪಿಸ್ಕೊಳ್ಳೋದು ಇವನೇ. ಡಾರ್ಸಿ ಊರು ಬಿಟ್ಟ ತಕ್ಷಣ ಆ ಪುರಾಣ ಊರಿಗೆಲ್ಲ ಗೊತ್ತಾಗತ್ತೆ. ಎಲ್ಲಾ ನಮ್ಮ ಕಣ್ಣೆದುರೇ ನಡೆದಿದೆ, ಏನೂ ಮುಚ್ಚಿಟ್ಟಿಲ್ಲ, ಆದ್ರೂ ಅವನ ಮುಖ ನೋಡ್ತಾ ಕೂತ ಎಲಿಜಬೆತ್‌ಗೂ ನಮಗೂ ಹೊಳೆಯಲ್ಲ. ನಿಜ ಏನು ಅಂತ ಡಾರ್ಸಿ ಬರೆದ ಪತ್ರ ಓದಿದ್ಮೇಲೆ ಅವಳಿಗೆ ಜ್ಞಾನೋದಯ ಆಗತ್ತೆ, ಅಯ್ಯೋ, ಮೊನ್ನೆ ಪರಿಚಯ ಆದವನು ಇಂಥಾ ಮನೆ ವಿಷಯ ನನ್ನ ಹತ್ರ ಯಾಕೆ ಹೇಳ್ದ ಅಂತ. ನಿಮ್ಮ ಹುಡುಗನ ಕೈಗೂ ಇಂಥದ್ದು ಕೊಡಿ. ಅವನು ಹೇಳಿದ್ದು ಒಂದು ಕಡೆ ಇರ್ಲಿ, ಮೂವತ್ತು ಪುಟ ಬಿಟ್ಟು ಮಾಡಿದ್ದು ಇನ್ನೊಂದು ಕಡೆ ಇರ್ಲಿ, ನಡುವೆ ನೀವು ಬಾಯಿ ಹಾಕಬೇಡಿ.

ಇನ್ನೂ ಒಂದು. ಅವನ ತಲೆಯೊಳಗೆ ಹೋಗಬೇಡಿ. ನಿಮ್ಮ ಮೂರನೇ ಭಾಗದಲ್ಲಿ 'ಅವನಿಗೆ ಅವಳು ಬೇಕಿರಲಿಲ್ಲ, ಅವಳ ಅಪ್ಪನ ಆಸ್ತಿ ಬೇಕಿತ್ತು' ಅಂತ ಬರೆದಿದೀರಿ, ಅಲ್ಲೇ ಕಥೆ ಸತ್ತುಹೋಯ್ತು. ಅವಳೂ ಬೇಕಿತ್ತು ಅಂತ ಇಟ್ಕೊಂಡು ಬರೆದು ನೋಡಿ. ಅವಳ ಜ್ವರಕ್ಕೆ ರಾತ್ರಿಯೆಲ್ಲ ಎದ್ದು ಕೂರ್ಲಿ. ಬೆಳಿಗ್ಗೆ ಅವಳಪ್ಪನ ಹತ್ರ ಮಾತಾಡುವಾಗ ಎಷ್ಟು ನಿದ್ದೆ ಕೆಟ್ಟೆ ಅಂತ ಲೆಕ್ಕಾನೂ ಹೇಳ್ಲಿ.

ಪ್ರಶ್ನೆ: ವಿಕಮ್ ದುಡ್ಡಿನ ಹಿಂದೆ ಬಿದ್ದವನು ಅಂತಾದ್ರೆ ಎಲಿಜಬೆತ್ ತಂಗಿ, ಕೈಯಲ್ಲಿ ಕಾಸಿಲ್ಲದ ಲಿಡಿಯಾ ಜೊತೆ ಯಾಕೆ ಓಡಿಹೋದ?

ಉತ್ತರ: ಓಡಿಹೋಗಿದ್ದು ಸಾಲಗಾರರಿಂದ, ಲಿಡಿಯಾ ಜೊತೆಗೆ ಬರ್ತೀನಿ ಅಂದ್ಲು, ಬಾ ಅಂದ. ಅಷ್ಟೇ ರೀ. ದುಡ್ಡಿನ ಆಟ ಅವನು ಆಡಿದ್ದು ಡಾರ್ಸಿ ತಂಗಿ ಜಾರ್ಜಿಯಾನಾ ಜೊತೆ, ಅವಳಿಗೆ ಆಗ 15 ವರ್ಷ, ಹೆಸರಲ್ಲಿ 30,000 ಪೌಂಡ್. ಅಲ್ಲೂ ದುಡ್ಡಿನ ಜೊತೆ ಡಾರ್ಸಿ ಮೇಲಿನ ಸೇಡು ಸೇರ್ಕೊಂಡಿತ್ತು. ಲಿಡಿಯಾನ ಮದುವೆ ಆಗೋ ಯೋಚನೆ ಅವನಿಗಿರಲಿಲ್ಲ, ಆಗಿದ್ದು ಡಾರ್ಸಿ ಹೋಗಿ ಸಾಲ ತೀರಿಸಿ, ಸೈನ್ಯದಲ್ಲಿ ಹುದ್ದೆ ಕೊಡಿಸಿ, ಲಿಡಿಯಾ ಹೆಸರಿಗೆ ಇನ್ನೊಂದು 1,000 ಪೌಂಡ್ ಇಟ್ಟಮೇಲೆ. ಚೌಕಾಸಿ ಬೇರೆ ಮಾಡ್ದ. ಮದುವೆ ಆಗಿ ಬಂದು ಅತ್ತೆ ಮನೇಲಿ ಏನೂ ಆಗೇ ಇಲ್ಲ ಅನ್ನೋ ಹಾಗೆ ನಗ್ತಾ ಕೂತಿದ್ದ, ಅದನ್ನ ನೋಡಿ ನನಗೆ ಕೋಪಕ್ಕಿಂತ ಆಶ್ಚರ್ಯಾನೇ ಜಾಸ್ತಿ ಆಯ್ತು.

ಪ್ರಶ್ನೆ: ಯಾಕೆ ಮೇಡಂ ಇಂಗ್ಲೆಂಡಿಗೇ ಹೋಗ್ತೀರಾ? ನಮ್ಮ ದುಷ್ಯಂತ ಇಲ್ವಾ?

ಉತ್ತರ: ಇದಾನೆ, ಆದ್ರೆ ಯಾವ ದುಷ್ಯಂತ ಅಂತ ಮೊದಲು ಹೇಳಿ. ಮಹಾಭಾರತದ ಆದಿಪರ್ವದಲ್ಲಿ ಉಂಗುರಾನೂ ಇಲ್ಲ, ಶಾಪಾನೂ ಇಲ್ಲ. ಹುಟ್ಟೋ ಮಗನಿಗೆ ರಾಜ್ಯ ಕೊಡ್ಬೇಕು ಅಂತ ಶಕುಂತಲೆ ಷರತ್ತು ಹಾಕ್ತಾಳೆ, ಇವನು ಹೂಂ ಅಂತಾನೆ, ಕರ್ಕೊಂಡು ಹೋಗೋಕೆ ಸೈನ್ಯ ಕಳಿಸ್ತೀನಿ ಅಂತಾನೆ, ಕಳಿಸಲ್ಲ. ಅವಳು ಮಗನ ಕೈ ಹಿಡ್ಕೊಂಡು ಸಭೆಗೆ ಬಂದಾಗ ಎಲ್ಲಾ ನೆನಪಿದ್ದೂ ನೀನ್ಯಾರೋ ಗೊತ್ತಿಲ್ಲ ಅಂತಾನೆ. ಆಕಾಶದಿಂದ ಅಶರೀರವಾಣಿ ಬಂದು ಇದು ನಿನ್ನ ಮಗನೇ ಅಂದಮೇಲೆ ತಿರುಗಿ ಸಭೆಗೆ ಹೇಳ್ತಾನೆ, ನನಗೂ ಗೊತ್ತಿತ್ತು, ಇವಳ ಮಾತಿನ ಮೇಲೇ ಒಪ್ಕೊಂಡಿದ್ರೆ ಜನ ಅನುಮಾನ ಪಡ್ತಿದ್ರು ಅಂತ. ರಾಜಕಾರಣ, ಭಯ, ಮಗನ ಮೇಲಿನ ಆಸೆ ಎಲ್ಲಾ ಸೇರಿರೋ ಮನುಷ್ಯ, ವಿಲೊಬಿ ಪಕ್ಕದಲ್ಲಿ ಕೂರಿಸಬಹುದು. ಕಾಳಿದಾಸನಿಗೆ ಇಂಥಾ ನಾಯಕ ಬೇಡವಾಗಿದ್ದ ಅನ್ಸತ್ತೆ, ದೂರ್ವಾಸರ ಶಾಪ ತಂದ, ಉಂಗುರ ತಂದ, ಮರೆವಿನ ಮೇಲೆ ಎಲ್ಲಾ ಭಾರ ಹಾಕಿ ರಾಜನನ್ನ ತೊಳೆದುಬಿಟ್ಟ. ನಾಟಕ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸಭೇಲಿ ನಿಂತು ಗಂಡನಿಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡೋ ಮಹಾಭಾರತದ ಶಕುಂತಲೆ ನನಗೆ ಜಾಸ್ತಿ ಹತ್ತಿರ, ಅವಳ ಎದುರಿಗೆ ಇದ್ದವನು ಮರೆತವನಲ್ಲವಲ್ಲ.

ಪ್ರಶ್ನೆ: ಇಂಥವನು ವರ್ಷಗಳಾದ್ಮೇಲೆ ತಿರುಗಿ ಬಂದ್ರೆ? ಯಾವುದಾದ್ರೂ ಕಾದಂಬರೀಲಿ ಇದೆಯಾ?

ಉತ್ತರ: ಇದೆ. ಹೆನ್ರಿ ಜೇಮ್ಸ್‌ನ 'ವಾಷಿಂಗ್ಟನ್ ಸ್ಕ್ವೇರ್', 1880ರದ್ದು, ನಡೆಯೋದು ನ್ಯೂಯಾರ್ಕಲ್ಲಿ. ಕ್ಯಾಥರೀನ್ ಡಾಕ್ಟರ್ ಮಗಳು, ನೋಡೋಕೆ ಸಾಧಾರಣ, ಮಾತೂ ಕಮ್ಮಿ. ತಾಯಿ ಕಡೆಯಿಂದ ವರ್ಷಕ್ಕೆ 10,000 ಡಾಲರ್ ಅವಳದ್ದೇ, ಅಪ್ಪ ಸತ್ತಮೇಲೆ ಇನ್ನೂ 20,000 ಬರಬೇಕು. ಮಾರಿಸ್ ಟೌನ್ಸೆಂಡ್ ಅನ್ನೋ ಸುಂದರಾಂಗ ಬರ್ತಾನೆ, ಕೆಲಸ ಇಲ್ಲ ಕಾರ್ಯ ಇಲ್ಲ, ಮಾತು ಮಾತ್ರ ಬೆಣ್ಣೆ. ಇವನನ್ನ ಮದುವೆ ಆದ್ರೆ ನನ್ನ ದುಡ್ಡು ಸಿಗಲ್ಲ ಅಂತ ಅಪ್ಪ ಹೇಳಿಬಿಡ್ತಾನೆ. ಕ್ಯಾಥರೀನ್‌ಗೆ ಅದರಿಂದ ಏನೂ ಅನ್ಸಲ್ಲ, 10,000 ಸಾಕಲ್ಲ ಅಂತಾಳೆ. ಮಾರಿಸ್‌ಗೆ ಸಾಕಾಗಲ್ಲ, ಜಾರ್ಕೊಳ್ತಾನೆ. ಇಲ್ಲಿ ಅಪ್ಪನ ಅನುಮಾನ ನೂರಕ್ಕೆ ನೂರು ಸರಿ, ಆದ್ರೂ ಅದನ್ನ ಸರಿ ಅಂತ ತೋರಿಸೋದರಲ್ಲಿ ಅವನಿಗಿರೋ ಖುಷಿ ನೋಡಿದ್ರೆ ಮಗಳಿಗೆ ಜಾಸ್ತಿ ಗಾಯ ಮಾಡಿದ್ದು ಯಾರು ಅಂತ ಯೋಚನೆ ಬರತ್ತೆ. ನಡುವೆ ಒಬ್ಬಳು ಅತ್ತೆ ಬೇರೆ, ಅಪ್ಪನ ತಂಗಿ, ಮಾರಿಸ್ ಅಂದ್ರೆ ಪ್ರಾಣ, ಹೊಂಚು ಹಾಕಿ ಭೇಟಿ ಮಾಡಿಸೋದೇ ಅವಳ ಕಸುಬು.

ಎಷ್ಟೋ ವರ್ಷ ಆದ್ಮೇಲೆ, ಅಪ್ಪ ಸತ್ತಮೇಲೆ, ಅದೇ ಅತ್ತೆ ಮತ್ತೆ ಮಾರಿಸ್‌ನ ಮನೆಗೆ ಕರೆಸ್ತಾಳೆ. ಮೈ ಬಂದಿದೆ, ಗಡ್ಡ ಬಿಟ್ಟಿದಾನೆ, ಇನ್ನೂ ಸ್ನೇಹಿತರಾಗಿ ಇರೋಣ ಅಂತಾನೆ. ಕ್ಯಾಥರೀನ್ ಜಗಳ ಆಡಲ್ಲ, ಅಳಲ್ಲ, ಇಲ್ಲ ಅಂತ ಹೇಳಿ ಕಳಿಸ್ತಾಳೆ. ಅವನು ಆಚೆ ಬಂದು ಕೋಪದಲ್ಲಿ ಅತ್ತೆ ಹತ್ರ, ಅವಳಿಗೆ ನನ್ನ ಮೇಲೆ ಚೂರೂ ಇಷ್ಟ ಇಲ್ಲ ಅಂತಾನೆ. ಆಮೇಲೆ ಅವನಿಗೆ ಏನೇ ಮಾಡಿದ್ರೂ ಅರ್ಥ ಆಗದೇ ಇರೋ ವಿಷಯ ಒಂದನ್ನ ಕೇಳ್ತಾನೆ: ಹಾಗಾದ್ರೆ ಇಷ್ಟು ವರ್ಷ ಮದುವೆ ಯಾಕೆ ಆಗ್ಲಿಲ್ಲ ಇವಳು?